ಪಾರ್ಕಿನಲ್ಲಿ ಅಪ್ಪನೂ ಊಟ ಮಾಡಲಿ

ರಜೆಯಲ್ಲಿ ನೌಪಾಡಾದಿಂದ ಘೋಡ್‌ಬಂದರ್ ರಸ್ತೆಯ ಸೂರಜ್ ವಾಟರ್ ಪಾರ್ಕಿಗೋ ಖೋಪೋಲಿ ಬಳಿಯ ಇಮ್ಯಾಜಿಕಾಕ್ಕೋ ಹೊರಟವರಿಗೆ ಒಂದು ಮಾತು.

ಇಂಥ ಕಡೆ ಸಾಮಾನ್ಯವಾಗಿ ಮನೆಯ ಬುತ್ತಿ ಒಳಗೆ ಬಿಡುವುದಿಲ್ಲ. ಒಳಗಿನ ದರ ನೋಡಿ ಎದೆ ಧಸಕ್ಕೆನ್ನುತ್ತದೆ. ಆಮೇಲಿನದು ನಿಮಗೇ ಗೊತ್ತು: ಮಕ್ಕಳಿಗೆ ಎರಡು ಪ್ಲೇಟ್, ಅಪ್ಪ ಅಮ್ಮನಿಗೆ 'ಹಸಿವಿಲ್ಲ'. ಇದನ್ನು ಉಳಿತಾಯ ಎನ್ನಲು ನಾನು ಒಪ್ಪುವುದಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಊಟ ಬಿಟ್ಟು ದಿನವಿಡೀ ನಡೆದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಬೆವರು, ಕೈನಡುಕ, ತಲೆಸುತ್ತು. ನಾವೋ, ಜೋಕಾಲಿಯ ಸುತ್ತು ಎಂದುಕೊಂಡು ಸುಮ್ಮನಿರುತ್ತೇವೆ! ತಕ್ಷಣ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, ಕೂರಿಸಿ. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ಟಿಕೆಟ್ ದುಡ್ಡು ಲೆಕ್ಕ ಹಾಕುವಾಗಲೇ ಎಲ್ಲರ ಒಂದು ಊಟದ ದುಡ್ಡನ್ನೂ ಸೇರಿಸಿಡಿ. ಸಾಲದಿದ್ದರೆ ಆ ವರ್ಷ ಇನ್ನೂ ಹತ್ತಿರದ, ಅಗ್ಗದ ಜಾಗ ಸಾಕು. ಬೆಳಿಗ್ಗೆ ರೊಟ್ಟಿ ಪಲ್ಯವೋ ಇಡ್ಲಿಯೋ ಹೊಟ್ಟೆತುಂಬ ತಿಂದೇ ಹೊರಡಿ. ಅಲ್ಲಿ ಪಿಜ್ಜಾ ಬದಲು ಅನ್ನ, ದಾಳ್ ಸಿಗುತ್ತದೆಯೇ ನೋಡಿ, ಹಂಚಿಕೊಂಡು ತಿನ್ನಬಹುದು. ತಂಪು ಪಾನೀಯ ಬಿಟ್ಟರೆ ಆ ದುಡ್ಡು ಅಪ್ಪನ ತಟ್ಟೆಗೆ ಬರುತ್ತದೆ. ಕುಡಿಯುವ ನೀರಿನ ನಲ್ಲಿ ಎಲ್ಲಿದೆ ಎಂದು ಹೋದೊಡನೆ ಕೇಳಿಕೊಳ್ಳಿ.

ಸಕ್ಕರೆ ಕಾಯಿಲೆ ಇರುವವರ ಬುತ್ತಿ ಬಿಡುತ್ತಾರೆಯೇ ಎಂದು ಹಿಂದಿನ ದಿನವೇ ಪಾರ್ಕಿಗೆ ಫೋನ್ ಮಾಡಿ. ವೈದ್ಯರ ಚೀಟಿ ಚೀಲದಲ್ಲಿರಲಿ, ಸಕ್ಕರೆ ಪೊಟ್ಟಣ ಅಪ್ಪನ ಜೇಬಿನಲ್ಲಿರಲಿ.