ಪದವಿಯ ಆಚೆಯ ಬಾಗಿಲು

ಮಗಳು ಬಿ.ಎಸ್‌ಸಿ. ಅಥವಾ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಉತ್ತಮ ದರ್ಜೆಯಿಂದ ಉತ್ತೀರ್ಣಳಾದರೆ ಪಾಲಕರಿಗೆ ಹಿಗ್ಗಾಗುವದು ಸಹಜ. ಆದರೆ ಅದೇ ಮಗಳು ಮುಂದೆ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆಯುವೆನೆಂದರೆ ಮನೆಯಲ್ಲಿ ಮೌನ ಕವಿಯುವದು. ಅಷ್ಟು ದೂರ ಹೋಗುವದೆಂತು, ಖರ್ಚು ಕೊಡುವವರಾರು, ಮದುವೆಯ ಗತಿಯೇನು ಎಂಬ ಮೂರು ಪ್ರಶ್ನೆಗಳು ಏಳುವವು. ಇವು ಕೇವಲ ಮೂಢತನದ ಪ್ರಶ್ನೆಗಳಲ್ಲ. ಆದಕಾರಣ ಒಂದೊಂದಾಗಿ ವಿಚಾರಿಸೋಣ.

ದೂರದ ಮಾತು ಈಗ ಉಳಿದಿಲ್ಲ. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯವು ಧಾರವಾಡದಲ್ಲಿಯೇ ಇದೆ. 1947ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ಇಂದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. 2015ರಲ್ಲಿ ಐ.ಐ.ಐ.ಟಿ.ಯೂ 2016ರಲ್ಲಿ ಐ.ಐ.ಟಿ.ಯೂ ಇಲ್ಲಿಗೆ ಬಂದವು. ಇವೆಲ್ಲವುಗಳಲ್ಲಿ ಪಿಎಚ್.ಡಿ. ಅಭ್ಯಾಸಕ್ಕೆ ಅವಕಾಶವುಂಟು.

ಖರ್ಚಿನ ಭಯವೂ ಕಡಿಮೆಯಾಗಿದೆ. ಗೇಟ್ ಅಥವಾ ನೆಟ್ ಪರೀಕ್ಷೆಯಲ್ಲಿ ಗೆದ್ದು ಕೇಂದ್ರ ಸರಕಾರದ ಸಂಶೋಧನಾ ವೇತನಕ್ಕೆ ಆಯ್ಕೆಯಾದವರಿಗೆ 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000 ರೂಪಾಯಿ ನಿಗದಿಯಾಗಿದೆ.

ಇಂಥ ಶೋಧದಲ್ಲಿ ಮಾಡುವದೇನು? ಒಂದು ಉದಾಹರಣೆ ಸಾಕು. ಗಣಕಯಂತ್ರಕ್ಕೆ ಛಾಯಾಚಿತ್ರವೆಂದರೆ ಅಂಕೆಗಳ ಪಟ್ಟಿಯೇ. ಸಾಮಾನ್ಯ ಕಪ್ಪು-ಬಿಳುಪು ಚಿತ್ರದಲ್ಲಿ ಒಂದೊಂದು ಚುಕ್ಕೆಗೂ 0ಯಿಂದ 255ರ ವರೆಗಿನ ಒಂದು ಅಂಕೆ. ಆ ಅಂಕೆಗಳ ವಿನ್ಯಾಸವನ್ನು ಗಣಿತದಿಂದ ಪರೀಕ್ಷಿಸಿ, ಮಧುಮೇಹದಿಂದ ಕಣ್ಣಿನ ಒಳಪರದೆಗಾದ ಕೇಡನ್ನೂ ಮೆಣಸಿನಕಾಯಿ ಗಿಡದ ಎಲೆಗೆ ತಗಲಿದ ರೋಗವನ್ನೂ ಗುರುತಿಸಲು ಯತ್ನಿಸುವರು. ರೈತನಿಗೂ ರೋಗಿಗೂ ಮುಟ್ಟುವ ವಿದ್ಯೆಯಿದು.

ಮೂರನೆಯ ಪ್ರಶ್ನೆಗೆ ಸರಕಾರವು ಉತ್ತರ ಕೊಡಲಾರದು, ಮನೆಯೇ ಕೊಡಬೇಕು. ಕನ್ನಡ ನಾಡಿನ ರಾಜೇಶ್ವರಿ ಚಟರ್ಜಿಯವರು 1922ರಲ್ಲಿ ಜನಿಸಿದವರು. ಅಮೆರಿಕೆಯ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ, ಸೂಕ್ಷ್ಮತರಂಗಗಳ ಶಾಸ್ತ್ರವನ್ನು ಕಲಿಸಿದರು. ಮದುವೆಯೂ ಆಯಿತು, ಮಗಳೂ ಹುಟ್ಟಿದಳು. ವಿದ್ಯೆಯು ಸಂಸಾರವನ್ನು ಕೆಡಿಸಲಿಲ್ಲ. ಸಂಸಾರವು ವಿದ್ಯೆಯನ್ನು ನುಂಗಲಿಲ್ಲ.

ಎಲ್ಲ ಹುಡುಗಿಯರೂ ಈ ದಾರಿ ಹಿಡಿಯಬೇಕೆಂದು ನಾವು ಹೇಳುವದಿಲ್ಲ. ಇದು ತಾಳ್ಮೆಯ ಕೆಲಸ. ವರ್ಷಗಟ್ಟಲೆ ದುಡಿದರೂ ಫಲ ಕಾಣದ ದಿನಗಳುಂಟು, ಡಾಕ್ಟರೇಟ್ ಆದೊಡನೆ ನೌಕರಿಯು ಕೈಗೆ ಬರುವದೆಂಬ ಭರವಸೆಯೂ ಇಲ್ಲ. ಬರಿಯ ಬಿರುದಿನ ಆಸೆಯಿಂದ ಹೊರಟವಳು ಅರ್ಧದಾರಿಯಲ್ಲಿ ದಣಿದಾಳು. ಆದರೆ ನಿಜವಾದ ಜಿಜ್ಞಾಸೆಯುಳ್ಳವಳನ್ನು ತಡೆಯುವದು ನ್ಯಾಯವಲ್ಲ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಸಂಶೋಧನೆ ಮಾಡಿದವರು ವರ್ಷಕ್ಕೊಮ್ಮೆಯಾದರೂ ಶಾಲೆಗೆ ಬಂದು, ನಿಮ್ಮ ಗೆಲವಿನೊಡನೆ ಸೋಲನ್ನೂ ಹುಡುಗಿಯರಿಗೆ ಹೇಳಿರಿ. ಪಾಲಕರೇ, ಗಂಡುಮಗನು ಕೇಳಿದರೆ ಕೊಡುತ್ತಿದ್ದ ವರ್ಷಗಳನ್ನೇ ಮಗಳಿಗೂ ಕೊಡಿರಿ. ಅವಳು ಬೇಡುವದು ಹಣವನ್ನಲ್ಲ, ಕಾಲವನ್ನು.