ಕುದುರೆಯ ಮೇವು ಮತ್ತು ಸವಾರಿಯ ಬಾಡಿಗೆ

ರಜೆಯ ದಿನಗಳಲ್ಲಿ ಥಾಣೆ, ಡೊಂಬಿವಲಿ, ಕಲ್ಯಾಣಗಳ ಕನ್ನಡಿಗ ಕುಟುಂಬಗಳು ಕರ್ಜತ್ ಲೋಕಲ್ ಹಿಡಿದು, ನೇರಳದಲ್ಲಿಳಿದು ಮಾಥೇರಾನಕ್ಕೆ ಹೋಗಿಬರುವುದು ವಾಡಿಕೆಯಾಗಿದೆ. 1850ರಲ್ಲಿ ಆಗಿನ ಥಾಣೆಯ ಕಲೆಕ್ಟರ್ ಹ್ಯೂ ಮ್ಯಾಲೆಟ್ ಹತ್ತಿ ನೋಡಿ ಬೆಳಕಿಗೆ ತಂದ ಈ ಗಿರಿಧಾಮದೊಳಕ್ಕೆ ಪ್ರವಾಸಿಗರ ಮೋಟಾರುಗಳಿಗೆ ಪ್ರವೇಶವಿಲ್ಲ. ದಸ್ತೂರಿ ನಾಕೆಯಲ್ಲಿ ಇಳಿದವರಿಗಾಗಿ ಕುದುರೆಗಳು ಸಾಲಾಗಿ ಕಾದು ನಿಂತಿರುತ್ತವೆ. ಅಲ್ಲಿ ಎರಡು ದೃಶ್ಯಗಳು ತಪ್ಪದೆ ಕಾಣಸಿಗುತ್ತವೆ. ಒಂದು, ಬಾಡಿಗೆಯ ಚೌಕಾಶಿ. ಇನ್ನೊಂದು, ಸವಾರಿ ಮುಗಿದ ಬಳಿಕ ಮಗುವಿನ ಕೈಯಿಂದ ಕುದುರೆಯ ಬಾಯಿಗೆ ಚಿಕ್ಕಿ, ಬಿಸ್ಕತ್ತು ಹಾಕಿಸಿ ಪುಣ್ಯ ಕಟ್ಟಿಕೊಳ್ಳುವ ಸಂಭ್ರಮ. ಚೌಕಾಶಿಯಲ್ಲಿ ಉಳಿಸಿದ ಹಣ ಕುದುರೆಯ ಹುಲ್ಲಿನಿಂದ ಕಡಿತವಾಗುವ ಸಂಭವವೇ ಹೆಚ್ಚು. ಪ್ರೀತಿಯಿಂದ ಕೊಟ್ಟ ಸಿಹಿಯಾದರೋ ಅದರ ಹೊಟ್ಟೆಗೆ ಒಗ್ಗದ ವಸ್ತು.

ಕುದುರೆಯ ಮೇವಿನ ವಿಷಯದಲ್ಲಿ ಅಜ್ಞಾನವು ಈ ದೇಶಕ್ಕೆ ಹೊಸತಲ್ಲ. 13ನೆಯ ಶತಮಾನದ ಕೊನೆಯ ಸ್ಥಿತಿಯನ್ನು ವರ್ಣಿಸಿದ ವೆನಿಸಿನ ಪ್ರವಾಸಿ ಮಾರ್ಕೊ ಪೋಲೊ, ಥಾಣೆಯ ಅರಸನು ಕಡಲ್ಗಳ್ಳರೊಡನೆ ಒಡಂಬಡಿಕೆ ಮಾಡಿಕೊಂಡು, ಸೂರೆಯ ಉಳಿದ ಸರಕು ಅವರದು, ಕುದುರೆಗಳು ಮಾತ್ರ ತನ್ನವು ಎಂದು ಗೊತ್ತುಪಡಿಸಿಕೊಂಡಿದ್ದನೆಂದು ತಿಳಿಸುತ್ತಾನೆ. ಇಷ್ಟು ದುರ್ಲಭವಾದ ಪ್ರಾಣಿಗೆ ತಮಿಳು ಕರಾವಳಿಯಲ್ಲಿ ಅನ್ನವನ್ನೂ ಮಾಂಸವನ್ನೂ ಬೇಯಿಸಿ ಹಾಕುತ್ತಿದ್ದರೆಂದೂ, ಸಾಕುವ ಬಗೆ ತಿಳಿಯದೆ ಹಡಗಿನಲ್ಲಿ ತರಿಸಿದ ಕುದುರೆಗಳು ಬೇಗನೆ ಸಾಯುತ್ತಿದ್ದವೆಂದೂ ಅವನೇ ಹೇಳುತ್ತಾನೆ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಅಲ್ಲಿ ಬಾರ್ಲಿ ಇಲ್ಲದ ಕಾರಣ ಮನುಷ್ಯರು ತಿನ್ನುವ ಕಾಳನ್ನೇ ಕುದುರೆಗಳಿಗೂ ಹಾಕುತ್ತಾರೆಂದು ಬರೆದಿದ್ದಾನೆ. ದಕ್ಷಿಣದಲ್ಲಿ ಅಂಥ ಕಾಳೆಂದರೆ ಮುಖ್ಯವಾಗಿ ಹುರಳಿ. ಆಂಗ್ಲರಂತೂ ಅದಕ್ಕೆ ಕುದುರೆಯ ಹೆಸರನ್ನೇ ಇಟ್ಟರು. ಡೊಂಬಿವಲಿಯ ಕನ್ನಡಿಗರ ಅಡಿಗೆಮನೆಯಲ್ಲಿ ಕಟ್ಟಿನ ಸಾರಾಗುವ, ನೆರೆಯ ಮರಾಠಿ ಮನೆಯಲ್ಲಿ ಕುಳೀಥದ ಪಿಠಲೆಯಾಗುವ ಕಾಳು ಇದೇ.

ಆದರೆ ಹುರಳಿಯಾಗಲಿ ಕಡಲೆಯಾಗಲಿ ಕುದುರೆಗೆ ವ್ಯಂಜನವೇ ಹೊರತು ಊಟವಲ್ಲ. ಊಟವೆಂದರೆ ಹುಲ್ಲು. ದೇಹದ ಗಾತ್ರಕ್ಕೆ ಹೋಲಿಸಿದರೆ ಕುದುರೆಯ ಜಠರ ಬಹಳ ಚಿಕ್ಕದು. ಹಸುವಿನಂತೆ ಅದು ಮೆಲುಕು ಹಾಕಲಾರದು. ತಿಂದದ್ದು ಒಗ್ಗದಿದ್ದರೆ ವಾಂತಿ ಮಾಡಿಕೊಳ್ಳಲೂ ಆರದು. ನಾರಿನ ಮೇವು ಹಿಂಭಾಗದ ದೊಡ್ಡ ಕರುಳಿನಲ್ಲಿ ಸೂಕ್ಷ್ಮಜೀವಿಗಳ ನೆರವಿನಿಂದ ನಿಧಾನವಾಗಿ ಪಚನವಾಗುತ್ತದೆ. ಆದುದರಿಂದಲೇ ಕುದುರೆಯು ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಮೇಯಬೇಕು. ಕಾಳು, ಹಿಟ್ಟು, ಸಿಹಿ ತಿಂಡಿಗಳನ್ನು ಒಮ್ಮೆಲೇ ಹೆಚ್ಚಾಗಿ ಕೊಟ್ಟಲ್ಲಿ ಅವು ಅರೆಪಚನವಾಗಿ ದೊಡ್ಡ ಕರುಳನ್ನು ಸೇರಿ ಹುಳಿಯುತ್ತವೆ. ಉದರಶೂಲೆಯಿಂದ ಕುದುರೆ ನೆಲದಲ್ಲಿ ಹೊರಳಾಡುತ್ತದೆ. ಗೊರಸಿನೊಳಗಿನ ಪದರಗಳಿಗೆ ಉರಿಯೂತ ಬಂದರೆ ನಡೆಯಲಾರದಂತಾಗುತ್ತದೆ. ಬಾಡಿಗೆಯ ಕುದುರೆಗೆ ಕಾಲು ಹೋದರೆ ಅದರ ಯಜಮಾನನ ಮನೆಯ ಒಲೆಯೂ ಆರಿದಂತೆಯೇ. ದಿನಕ್ಕೆ ದೇಹತೂಕದ ನೂರರಲ್ಲಿ ಒಂದೂವರೆಯಿಂದ ಎರಡು ಪಾಲಿನಷ್ಟು ಒಣಮೇವು ಬೇಕೆಂಬುದು ತಜ್ಞರ ಮತ. 300 ಕಿಲೋ ತೂಗುವ ಕುದುರೆಗೆ ಇದು ಸುಮಾರು ನಾಲ್ಕೂವರೆಯಿಂದ 6 ಕಿಲೋ ಆಗುತ್ತದೆ. ಗುಡ್ಡ ಹತ್ತಿಳಿಯುವ ಪ್ರಾಣಿಗೆ ಇದರ ಮೇಲೆ ನೆನೆಸಿ ಬೇಯಿಸಿದ ಹುರಳಿಯನ್ನು ಮಿತವಾಗಿ, ಎರಡು ಮೂರು ಸಲಕ್ಕೆ ಹಂಚಿ ಕೊಡಬಹುದು. ಹಲ್ಲು ಮತ್ತು ಕಡಲೆಯ ಗಾದೆ ಕುದುರೆಗೂ ಅನ್ವಯಿಸುತ್ತದೆ: ದವಡೆಹಲ್ಲಿನ ಅಂಚು ಚೂಪಾದರೆ ಎಷ್ಟು ಒಳ್ಳೆಯ ಮೇವಿದ್ದರೂ ಅಗಿಯಲಾಗದು; ವರ್ಷಕ್ಕೊಮ್ಮೆಯಾದರೂ ಪಶುವೈದ್ಯರಿಂದ ಪರೀಕ್ಷೆ ಮಾಡಿಸಬೇಕು.

ಗೋಧಿ ಬೂಸಾದ ವಿಷಯವನ್ನು ಇಲ್ಲಿ ಹೇಳಲೇಬೇಕು. ಹಗುರವಾದ, ಹೊಟ್ಟೆ ತುಂಬಿಸುವ ಆಹಾರವೆಂದು ಅದನ್ನೇ ಮುಖ್ಯ ಮೇವಾಗಿಸುವವರಿದ್ದಾರೆ. ಬೂಸಾದಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ತೀರ ಕಡಿಮೆ. ಬಹುಕಾಲ ಅದನ್ನೇ ತಿಂದ ಕುದುರೆಯ ದೇಹವು ಸುಣ್ಣವನ್ನು ತನ್ನ ಮೂಳೆಯಿಂದಲೇ ಎಳೆದುಕೊಳ್ಳುತ್ತದೆ. ಮುಖದ ಎಲುಬು ಊದಿಕೊಂಡು ಕುಂಟು ಆರಂಭವಾಗುತ್ತದೆ. ಹಿಂದೆ ಯುರೋಪಿನ ಹಿಟ್ಟಿನ ಗಿರಣಿಗಳ ಕುದುರೆಗಳಲ್ಲಿ ಕಂಡುಬಂದುದರಿಂದ ಇದಕ್ಕೆ ಗಿರಣಿಯವನ ರೋಗವೆಂಬ ಹೆಸರೂ ಬಂದಿತ್ತು.

ಈಗ ಡಬ್ಬಿಗಳ ಕಾಲ. ಜೀವಸತ್ವ, ಖನಿಜ, ಟಾನಿಕ್ಕುಗಳ ಡಬ್ಬಿಯನ್ನು ಕೊಂಡರೆ ಹುಲ್ಲಿನ ಕೊರತೆ ನೀಗೀತೆಂಬ ಭ್ರಮೆ ಹರಡಿದೆ. ಬೆಳಗಿನ ಉಪಾಹಾರ ಬಿಟ್ಟು ವೇಗದ ಲೋಕಲಿಗೆ ಓಡುತ್ತ ವಿಟಮಿನ್ ಗುಳಿಗೆ ನುಂಗುವ ಉಪನಗರವಾಸಿಗೂ ಈ ಭ್ರಮೆ ಅಪರಿಚಿತವಲ್ಲ. ಹಸಿರು ಹುಲ್ಲು ತಿನ್ನುವ ಆರೋಗ್ಯವಂತ ಕುದುರೆಗೆ ಡಬ್ಬಿಯ ಜೀವಸತ್ವಗಳ ಅಗತ್ಯ ಬಹಳ ಕಡಿಮೆ. ಸೆಲೆನಿಯಂನಂಥ ಖನಿಜವಂತೂ ಅಳತೆ ಮೀರಿದರೆ ವಿಷ. ಆದರೆ ಅಗ್ಗದ ಪೂರಕವೊಂದು ಎಲ್ಲ ಕುದುರೆಗಳಿಗೂ ಬೇಕು, ಅದು ಉಪ್ಪು. ಕುದುರೆಯ ಬೆವರು ಮನುಷ್ಯನ ಬೆವರಿಗಿಂತ ಹೆಚ್ಚು ಉಪ್ಪಾದುದು. ಕೊಂಕಣದ ಸೆಕೆಯಲ್ಲಿ ದುಡಿಯುವ ಪ್ರಾಣಿಗೆ ನೆಕ್ಕಲು ಉಪ್ಪಿನ ಗಟ್ಟಿ, ಕುಡಿಯಲು ಬೇಕೆನಿಸಿದಾಗಲೆಲ್ಲ ಶುದ್ಧ ನೀರು ಇರಬೇಕು. ಇನ್ನು ಇಲ್ಲಿಯ ಮಳೆಗಾಲ: ನೆನೆದು ಬೂಷ್ಟು ಹಿಡಿದ ಹುಲ್ಲು ಶ್ವಾಸಕೋಶಕ್ಕೂ ಕರುಳಿಗೂ ಕೆಡುಕು. ಮೇವನ್ನು ಹಲಗೆಯ ಮೇಲೆ, ನೆಲದ ತೇವ ತಾಗದಂತೆ ಇಡುವುದಕ್ಕೆ ಯಾವ ಡಬ್ಬಿಯಷ್ಟೂ ಖರ್ಚಿಲ್ಲ.

2015ರ ಜೂನಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ನಗರದ ವಿಕ್ಟೋರಿಯಾ ಗಾಡಿಗಳ ಮೋಜಿನ ಸವಾರಿ ಕಾನೂನುಬಾಹಿರವೆಂದು ತೀರ್ಪಿತ್ತಿತು. ಮಾಥೇರಾನಕ್ಕೆ 2022ರ ಕೊನೆಯಲ್ಲಿ ಪ್ರಾಯೋಗಿಕವಾಗಿ ಇ-ರಿಕ್ಷಾಗಳು ಬಂದವು. ಕುದುರೆ ದುಡಿಯುವುದೇ ಬೇಡವೆನ್ನುವವರ ಮಾತಿನಲ್ಲಿ ತಥ್ಯವಿಲ್ಲದಿಲ್ಲ. ಆದರೆ ಸಂಪಾದನೆ ಇಳಿದಾಗ ಬಡ ಯಜಮಾನನು ಮೊದಲು ಕೈಹಿಡಿಯುವುದು ಮೇವಿನ ಖರ್ಚನ್ನೇ ಎಂಬುದನ್ನು ಅವರು ಗಮನಿಸಿದಂತಿಲ್ಲ. ಕುದುರೆ ಇರುವಷ್ಟು ಕಾಲ ಅದರ ಹುಲ್ಲಿನ ಬೆಲೆ ಬಾಡಿಗೆಯಲ್ಲಿ ಸೇರಿರಲೇಬೇಕು. ಕೊಡುವವರು ಅದನ್ನು ಗೊಣಗದೆ ಕೊಡಬೇಕು.

ಕಲ್ಯಾಣ, ನವಿಮುಂಬಯಿಗಳ ಮದುವೆಗಳಲ್ಲಿ ಈಗ ಕನ್ನಡಿಗರ ವರನೂ ಕುದುರೆಯೇರಿ ಬರುವುದುಂಟು. ಮೆರವಣಿಗೆ ಒಂದು ಗಂಟೆ ತಡವಾದರೆ ವಾದ್ಯದವರಿಗೆ ಶರಬತ್ತು ಹೋಗುತ್ತದೆ. ಕುದುರೆ ಬೇಸಗೆಯ ಸಂಜೆಯಲ್ಲಿ ಬರಿಹೊಟ್ಟೆಯಿಂದ ನಿಂತಿರುತ್ತದೆ. ಕುದುರೆಯನ್ನು ಗೊತ್ತುಮಾಡುವ ದಿನವೇ ಒಂದು ಬಕೆಟ್ ನೀರು, ಒಂದು ಹೊರೆ ಹುಲ್ಲು, ಅದನ್ನು ತಿನ್ನಲು ಬೇಕಾದ ಬಿಡುವು ಇವಿಷ್ಟನ್ನು ಮದುವೆಯ ಖರ್ಚಿನ ಪಟ್ಟಿಯಲ್ಲಿ ಬರೆದುಕೊಳ್ಳುವುದು ಹೆಣ್ಣಿನ ಕಡೆಯವರಿಗೂ ಗಂಡಿನ ಕಡೆಯವರಿಗೂ ಭಾರವಾಗಲಾರದು.