ಕುದುರೆ ಕುಂಟುವ ಮೊದಲೇ ಹೇರು ಇಳಿಸಿರಿ



ಭತ್ತದ ಕೊಯ್ಲು ಮುಗಿದ ಮೇಲೆ ಸಿರುಗುಪ್ಪ, ಕುರುಗೋಡು ಕಡೆಯ ಹೊಲಗಳಲ್ಲಿ ಕುರಿ ಮಂದೆಗಳು ಬಂದು ಇಳಿಯುವುದನ್ನು ತಾವು ಬಲ್ಲಿರಿ. ರಾತ್ರಿ ಮಂದೆ ನಿಲ್ಲಿಸಿಕೊಂಡು, ಅದರ ಗೊಬ್ಬರಕ್ಕೆ ಪ್ರತಿಯಾಗಿ ಕುರಿಗಾರರಿಗೆ ಕಾಳನ್ನೋ ಹಣವನ್ನೋ ಕೊಡುವ ಪದ್ಧತಿ ಹಳೆಯದು, ಒಳ್ಳೆಯದು. ಬೇಸಾಯಶಾಸ್ತ್ರ ಓದಿದ ನಾನು ಈ ಗೊಬ್ಬರದ ಗುಣವನ್ನು ಹಲವು ಸಲ ಹೇಳಿದ್ದೇನೆ. ಇಂದು ಹೇಳಬೇಕೆಂದಿರುವುದು ಮಂದೆಯ ಜೊತೆಗೆ ಬರುವ ಕುದುರೆಯ ವಿಚಾರ.

ಸಂಚಾರಿ ಕುರಿಗಾರರ ಸಂಸಾರವೆಲ್ಲ ಆ ಕುದುರೆಯ ಬೆನ್ನಿನ ಮೇಲಿರುತ್ತದೆ. ಅಡುಗೆಯ ಪಾತ್ರೆ, ಕಂಬಳಿ, ಹಿಟ್ಟಿನ ಚೀಲ, ಆಗತಾನೇ ಹುಟ್ಟಿದ ಮರಿ, ಒಮ್ಮೊಮ್ಮೆ ಕೂಸು. ತಿಂಗಳುಗಟ್ಟಲೆ ಊರಿಂದೂರಿಗೆ ನಡೆಯುವ ಈ ಪ್ರಾಣಿಗೆ ಕೀಲುನೋವು ಬಂದರೆ ಇಡೀ ಹಟ್ಟಿ ದಾರಿಯಲ್ಲೇ ನಿಲ್ಲುತ್ತದೆ. ಆ ನೋವನ್ನು ತಡೆಯುವುದರಲ್ಲಿ ಹೊಲದ ಒಡೆಯನಿಗೂ ಪಾಲುಂಟೆಂಬುದು ನನ್ನ ಅಭಿಪ್ರಾಯ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಕುರುಗೋಡಿನ ಹತ್ತಿರ ರೈತರೊಬ್ಬರ ಹೊಲದಲ್ಲಿ ಮಂದೆ ನಿಲ್ಲಿಸಿದ್ದೆವು. ಮರುದಿನವೇ ಇನ್ನೊಂದು ಹೊಲಕ್ಕೆ ಸಾಗಬೇಕೆಂದು ನಾನು ಅವಸರಪಡಿಸಿದೆ. “ಕುದುರಿ ಯಾಕೋ ತಲಿ ಹಾಕಾಕ ಹತ್ತೈತ್ರೀ ಸಾಹೇಬ್ರ, ಎರಡ ದಿನ ಇಲ್ಲೇ ಇರ್ತೀವಿ” ಎಂದರು ಹಿರಿಯ ಕುರಿಗಾರರು. ಕುಂಟುತ್ತಿಲ್ಲವಲ್ಲ, ನಡೆಯಲಿ ಎಂದೆ ನಾನು. ಹೇರು ಹೊತ್ತು ಡಾಂಬರು ರಸ್ತೆಯಲ್ಲಿ ಎಂಟು ಕಿಲೋಮೀಟರು ನಡೆಯುವುದರೊಳಗೆ ಆ ಕುದುರೆ ಮುಂಗಾಲು ಊರಲಾರದೆ ನಿಂತುಬಿಟ್ಟಿತು. ಗಿಣ್ಣು ಊದಿ ಬಿಸಿಯಾಗಿತ್ತು. ಎರಡು ದಿನ ಉಳಿಸಲು ಹೋದದ್ದು ನಾನು; ಎರಡು ತಿಂಗಳು ತಲೆಯ ಮೇಲೆ ಹೊರೆ ಹೊತ್ತದ್ದು ಆ ಮನೆಯ ಹೆಣ್ಣುಮಕ್ಕಳು.

ಕುರಿಗಾರರು ಕಂಡ ಲಕ್ಷಣ ಸರಿಯಾಗಿಯೇ ಇತ್ತು. ಕುದುರೆಯ ಮೈಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲೆ ಬೀಳುವುದರಿಂದ ನೋವು ಹೆಚ್ಚಾಗಿ ಅಲ್ಲಿಯೇ ಕಾಣಿಸುತ್ತದೆ. ಹೇರು ಇಳಿಸಿ, ಗಟ್ಟಿಯಾದ ಸಮನೆಲದಲ್ಲಿ ಹಗ್ಗ ಸಡಿಲಬಿಟ್ಟು ನಿಧಾನವಾಗಿ ಓಡಿಸಿ ನೋಡಿರಿ. ನೋವಿನ ಮುಂಗಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತದೆ. ಒಳ್ಳೆಯ ಕಾಲು ಊರಿದಾಗ ತಗ್ಗುತ್ತದೆ. ನಡೆಯುವಾಗಲೇ ಕುಂಟುತ್ತಿದ್ದರೆ ಮಾತ್ರ ಓಡಿಸಬಾರದು. ಬೆಳಿಗ್ಗೆ ಬಿಗಿದುಕೊಂಡು ನಡೆದು, ಮೈ ಕಾದ ಮೇಲೆ ಸರಾಗವಾದರೆ ಅದು ಸವೆದ ಕೀಲಿನ ನೋವಿರಬಹುದು. ಊತ ಬಿಸಿಯಾಗಿದ್ದು, ನಡೆದಷ್ಟೂ ನೋವು ಹೆಚ್ಚಿದರೆ ಹೊಸ ಪೆಟ್ಟು ಅಥವಾ ಉಳುಕು ಇರುವ ಸಂಭವವೇ ಹೆಚ್ಚು.

ಕೀಲಿನದೇ ನೋವೆಂದು ನಿರ್ಧರಿಸುವ ಮೊದಲು ಗೊರಸನ್ನು ಎತ್ತಿ ನೋಡಬೇಕು. ಕುಂಟುವ ಕುದುರೆಗಳಲ್ಲಿ ಬಹಳಷ್ಟಕ್ಕೆ ತೊಂದರೆಯ ಮೂಲ ಗೊರಸಿನಲ್ಲಿಯೇ ಇರುತ್ತದೆ. ನಮ್ಮ ಎರೆಮಣ್ಣು ಹಸಿಯಿದ್ದಾಗ ಗೊರಸಿನಡಿ ಮೆತ್ತಿಕೊಂಡು ಕಲ್ಲುಚೂರನ್ನು ಹಿಡಿದಿಡುತ್ತದೆ. ಒಣಗಿದಾಗ ಹೊಲ ಬಿರುಕು ಬಿಡುತ್ತದೆ. ಕೊಯ್ಲು ಯಂತ್ರದ ಗಾಲಿಯ ಜಾಡು ಕಲ್ಲಿನಂತೆ ಗಟ್ಟಿಯಾಗುತ್ತದೆ. ಮುಂಗಾಲುಗಳಿಗೆ ಹಗ್ಗ ಬಿಗಿದು ಇಂಥ ನೆಲದಲ್ಲಿ ಮೇಯಲು ಬಿಟ್ಟರೆ ಗಿಣ್ಣು ತಿರುಚಿಕೊಳ್ಳುವುದು ಸುಲಭ.

ಇನ್ನೊಂದು ಅಪಾಯ ನಮ್ಮ ಕಣದಲ್ಲಿದೆ. ರಾತ್ರಿ ಬಿಚ್ಚಿಕೊಂಡ ಕುದುರೆ ಭತ್ತದ ಇಲ್ಲವೆ ಜೋಳದ ರಾಶಿಗೆ ಬಾಯಿ ಹಾಕಿ ಹೊಟ್ಟೆತುಂಬ ತಿಂದರೆ, ಒಂದೆರಡು ದಿನಗಳಲ್ಲಿ ಗೊರಸಿನ ಒಳಭಾಗಕ್ಕೆ ಉರಿಯೂತ ಬರಬಹುದು. ಆಗ ಕುದುರೆ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಹಿಂದಕ್ಕೆ ಭಾರ ಹಾಕಿ ನಿಲ್ಲುತ್ತದೆ, ಗೊರಸು ಬಿಸಿಯಾಗಿರುತ್ತದೆ. ಇದನ್ನು ಕೀಲಿನ ಬಿಗಿತವೆಂದು ತಿಳಿದು ನಡೆಸಿದರೆ ಕುದುರೆ ಶಾಶ್ವತವಾಗಿ ಕೆಡಬಹುದು. ಕಾಳು ತಿಂದದ್ದು ತಿಳಿದ ಗಳಿಗೆಯಲ್ಲೇ, ಕುಂಟುವವರೆಗೆ ಕಾಯದೆ, ಪಶುವೈದ್ಯರನ್ನು ಕರೆಯಿರಿ.

ಊತ ಬಿಸಿಯಾಗಿದ್ದರೆ ಮೊದಲ ಎರಡು ದಿನ, ದಿನಕ್ಕೆ ಮೂರು-ನಾಲ್ಕು ಸಲ, ಸಲಕ್ಕೆ 20 ನಿಮಿಷ ತಣ್ಣೀರು ಹೊಯ್ಯಿರಿ. ಕಾವು ಕೊಡುವುದಾಗಲಿ ಜೋರಾಗಿ ತಿಕ್ಕುವುದಾಗಲಿ ಆಗ ಬೇಡ. ಕಾಲು ಊರಲಾಗದಿದ್ದರೆ, ಅಥವಾ ಕೀಲಿನ ಹತ್ತಿರದ ಗಾಯದಿಂದ ಅಂಟಂಟಾದ ತಿಳಿಹಳದಿ ನೀರು ಒಸರಿದರೆ ಅಂದೇ ವೈದ್ಯರು ನೋಡಬೇಕು. ಕೀಲಿನೊಳಗೆ ಸೋಂಕು ಹೊಕ್ಕರೆ ಕಾಲು ಉಳಿಯುವುದು ಕಷ್ಟ. ಸಿರುಗುಪ್ಪದಿಂದ ಬಳ್ಳಾರಿ ನಗರಕ್ಕೆ 50 ಕಿಲೋಮೀಟರಿಗೂ ಹೆಚ್ಚು ದಾರಿ. ಆಸ್ಪತ್ರೆಗೆಂದು ನೋವಿನ ಕುದುರೆಯನ್ನು ನಡೆಸಿಕೊಂಡು ಹೋಗುವುದು ತರವಲ್ಲ. ಹತ್ತಿರದ ಪಶು ಚಿಕಿತ್ಸಾಲಯಕ್ಕೆ ತಿಳಿಸಿರಿ, ಇಲ್ಲವೆ 1962 ಸಂಖ್ಯೆಗೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕೇಳಿರಿ.

ಎರಡು ಕೆಲಸಗಳನ್ನು ಮಾತ್ರ ಮಾಡಕೂಡದು. ಮೊದಲನೆಯದು, ಕಾದ ಕಬ್ಬಿಣದಿಂದ ಬರೆ ಹಾಕುವುದು. ಇದರಿಂದ ಕೀಲು ವಾಸಿಯಾಗದು. ಇದ್ದ ನೋವಿಗೆ ಸುಟ್ಟಗಾಯ ಸೇರುತ್ತದೆ. ಎರಡನೆಯದು, ಔಷಧಿ ಅಂಗಡಿಯಿಂದ ಮನುಷ್ಯರ ನೋವಿನ ಇಂಜೆಕ್ಷನ್ ತಂದು ಚುಚ್ಚುವುದು. ನೋವಡಗಿದ ಕುದುರೆ ಪೆಟ್ಟಾದ ಕಾಲಿನ ಮೇಲೆಯೇ ಪೂರ್ತಿ ಭಾರ ಹಾಕುತ್ತದೆ. ಅದಲ್ಲದೆ ಡೈಕ್ಲೋಫೆನಾಕ್ ಔಷಧವನ್ನು ಪಶುಗಳಿಗೆ ಬಳಸುವುದನ್ನು 2006ರಲ್ಲಿ ನಿಷೇಧಿಸಲಾಗಿದೆ. ಈ ಮದ್ದು ಪಡೆದು ಸತ್ತ ಪ್ರಾಣಿಯನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಇದೇ ಕಾರಣಕ್ಕೆ 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್‌ಗಳಿಗೂ ನಿಷೇಧ ಬಂದಿತು. ನೋವಿನ ಮದ್ದು ಬೇಕೋ ಬೇಡವೋ, ಬೇಕಾದರೆ ಯಾವುದು ಎಂಬುದನ್ನು ಪಶುವೈದ್ಯರಿಗೇ ಬಿಡೋಣ.

“ಕಾಲುವೆಗೆ ನೀರು ಬಂದರೆ ಎರಡನೆಯ ಬೆಳೆಗೆ ಹೊಲ ಬಿಡಿಸಬೇಕಲ್ಲ, ಹಟ್ಟಿಯನ್ನು ಎಷ್ಟು ದಿನ ಇಟ್ಟುಕೊಳ್ಳುವುದು?” ಎಂದು ತಾವು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಕುದುರೆಗೆ ಬೇಕಾದದ್ದು ಒಂದು ಮೂಲೆ, ಒಣನೆಲ, ನೆರಳು, ನೀರು, ಮೇವು. ಮಂದೆ ಮುಂದೆ ಸಾಗಲಿ, ಕುದುರೆ ಹಿಂದೆ ಉಳಿಯಲಿ. ಹಟ್ಟಿಯ ಸಾಮಾನನ್ನು ತಮ್ಮ ಟ್ರ್ಯಾಕ್ಟರಿನಲ್ಲಿ ಮುಂದಿನ ಹೊಲಕ್ಕೆ ಮುಟ್ಟಿಸಿದರೆ ಆಗುವ ಖರ್ಚು ಅಲ್ಪ. ಕುದುರೆ ಸುಧಾರಿಸಿದ ಮೇಲೂ ಹೇರು ಅದರ ತೂಕದ ಐದನೇ ಒಂದು ಪಾಲನ್ನು ಮೀರದಿರಲಿ. 250 ಕಿಲೋ ತೂಗುವ ಕುದುರೆಗೆ 50 ಕಿಲೋ, ಅದೂ ಎರಡೂ ಮಗ್ಗುಲಿಗೆ ಸಮನಾಗಿ. ರೋಗ ಅಥವಾ ಗಾಯದಿಂದ ಕೆಲಸಕ್ಕೆ ಬಾರದಿರುವ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೆಂಬುದೂ ನೆನಪಿರಲಿ.

ಮಂದೆ ಗೊತ್ತು ಮಾಡುವಾಗ ರಾತ್ರಿಗಳ ಲೆಕ್ಕ, ಕಾಳಿನ ಲೆಕ್ಕ ಮಾತಾಡಿಕೊಳ್ಳುತ್ತೇವೆ. ಕುದುರೆಗೆ ನೋವಾದರೆ ಏನು ಮಾಡುವುದೆಂಬ ಮಾತನ್ನೂ ಅಂದೇ ಆಡಿಕೊಳ್ಳಿರಿ. ಹಟ್ಟಿ ಎದ್ದು ಹೊರಡುವ ಮುನ್ನ ಅದರ ನಡೆಯನ್ನು ಒಮ್ಮೆ ನೋಡಿರಿ. ಕುರಿಗಾರರು ಎರಡು ದಿನ ಇರುತ್ತೇವೆಂದರೆ ಇರಗೊಡಿರಿ.